ನಾನು ಎಂಬ ಸನ್ನೆ

ಬೆರಳಿನ ಉಂಗುರ ತೆಗೆದು ಕೋಟಿನ ಜೇಬಿಗೆ ಹಾಕಿದೆ.
ಸ್ಟುಡಿಯೋದ ನಿಯಮ ಅದು: ದೀಪಕ್ಕೆ ಮಿನುಗುವುದೇನೂ ಇರಬಾರದು,
ಉಗುರಿಗೆ ಬಣ್ಣ ಬೇಡ, ಅಂಗಿ ಕಪ್ಪಗಿರಲಿ,
ಕಪ್ಪಿನ ಮೇಲೆ ಕೈಯಷ್ಟೇ ಕಾಣಬೇಕು.
ಪರದೆಯ ಬಲಮೂಲೆಯ ಪುಟ್ಟ ಕಿಂಡಿಯಲ್ಲಿ
ಇಪ್ಪತ್ತು ವರ್ಷದಿಂದ ನಾನು ಬರೀ ಕೈ.

ಬ್ರ್ನೋದಲ್ಲಿ ಆ ರಾತ್ರಿ ಹಲ್ಲು ಕಟಕಟಿಸುವ ಚಳಿ.
ಐದು ಪಕ್ಷ, ಐದು ನಾಯಕರು, ಐದು ಲೋಟ ನೀರು.
ಪಿಂಚಣಿ ಮುಗಿಯಿತು, ಗ್ಯಾಸಿನ ಬೆಲೆ ಮುಗಿಯಿತು
(ಒಬ್ಬ ಗೋಧಿಯ ಬಗ್ಗೆಯೇ ಎಂಟು ನಿಮಿಷ ಮಾತಾಡಿದ,
ನನ್ನ ಮೊಣಕೈ ನೋಯುವಷ್ಟು ಗೋಧಿ).
ಆಮೇಲೆ ನಿರೂಪಕಿ ಕಾಗದ ಮಗುಚಿ ಕೇಳಿದಳು:
ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವುದಕ್ಕೆ
ಪಕ್ಷದ ನಾಯಕರಾಗಿ ನಿಮ್ಮ ಬೆಂಬಲ ಇರಲೇಬೇಕಲ್ಲವೆ?

ಓಲ್ದ್ರಿಖ್ ವಾನ್ಯುರ ಗಂಟಲು ಸರಿಮಾಡಿಕೊಂಡ.
ಕೆಟ್ಟವನಲ್ಲ; ಮೈಕಿನ ತಂತಿ ಎಡವಿ ಬಿದ್ದ ಹುಡುಗನನ್ನೆತ್ತಿ
ಮೊಣಕಾಲಿನ ಧೂಳು ಕೊಡವಿದ್ದನ್ನು ಸಂಜೆ ಕಂಡಿದ್ದೆ.
"ಪಕ್ಷ ಯಾರನ್ನೂ ಕಟ್ಟಿಹಾಕಿಲ್ಲ" ಎಂದ,
"ಅವರವರ ಮನಸ್ಸು, ಅವರವರ ಓಟು.
ನನ್ನನ್ನು ಕೇಳಿದರೆ, ನಾನು ಒಪ್ಪಲಾರೆ."

ನಮ್ಮ ಕಸುಬಿನಲ್ಲಿ 'ಅವರು ಹೇಳುತ್ತಿದ್ದಾರೆ' ಎಂಬ ಮಾತಿಲ್ಲ.
ಅವರು ನಾನೆಂದರೆ ನಾನೂ ನಾನೆನ್ನಬೇಕು.
ತೋರುಬೆರಳು ಬಂದು ನನ್ನದೇ ಎದೆಗೆ ತಾಗಿತು: ನಾನು.
ಖಾಲಿ ಬೆರಳಿಗೆ ಇಲ್ಲದ ಉಂಗುರ ತೊಡಿಸಿದೆ: ಮದುವೆ.
ಹಸ್ತ ಅಡ್ಡಲಾಗಿ ಗಾಳಿ ಕೊಯ್ದಿತು: ಒಲ್ಲೆ.

ಅಲ್ಲಿ, ಟ್ರಾಮ್ ಡಿಪೋದ ಹಿಂದೆ, ಮೂರನೇ ಮಹಡಿಯಲ್ಲಿ
ಜ್ದಿಸ್ಲಾವ ನೋಡುತ್ತಿದ್ದಳು.
ನಾಲ್ಕರ ಹರೆಯದ ಜ್ವರ ಅವಳ ಕಿವಿ ಒಯ್ದಿತ್ತು;
ಯಾವ ನಾಯಕನ ದನಿಯೂ ಅವಳಿಗೆ ನನ್ನ ಕೈಯೇ.
ನನ್ನ ಕೈ ಹಿಡಿದವಳಿಗೆ
ನನ್ನ ಕೈಯೇ ಒಲ್ಲೆ ಅಂದಿತು.

ಗೊತ್ತು, ಕತ್ತು ಹಿಡಿದು ಹೇಳಿಸಿದ ಹೌದಿಗೂ
ನಾನೇ ಕೈಯಾಗಬೇಕಿತ್ತು.
ಅಂಥ ಹೌದುಗಳನ್ನು ಎಷ್ಟು ಆಡಿಲ್ಲ ಈ ಬೆರಳು,
ಸೇತುವೆಗೆ ಹೌದು, ಆಸ್ಪತ್ರೆಗೆ ಹೌದು,
ಓಟೆಣಿಕೆಯ ಮಾರನೆಯ ದಿನವೇ ಕೈಕೊಟ್ಟ ಹೌದು.
ಬೇಡ, ಅವನ ಬಾಯಿಗೆ ಯಾರೂ ಮಾತು ತುರುಕದಿರಲಿ.
ಅವನ ಮನಸ್ಸು ಅವನದು.
ನನ್ನ ಮನೆಯ ಚಿಲಕ ಯಾಕೆ ಅದರೊಳಗಿದೆ?
ಅವನು ಮದುವೆಯಾಗುವಾಗ ನನ್ನನ್ನು ಯಾರು ಕೇಳಿದ್ದರು,
ಯಾವ ಪಕ್ಷ ನನ್ನ ಆತ್ಮಸಾಕ್ಷಿಯ ಹಗ್ಗ ಬಿಚ್ಚಿ
ಅವನ ಅಂಗಳಕ್ಕೆ ಮೇಯಲು ಬಿಟ್ಟಿತ್ತು?
ಮುಂದೆ ನಡೆಯುವವನೇ ನಾಯಕ ಅನ್ನುತ್ತಾರೆ.
ಅವರವರ ದಾರಿ ಅವರವರಿಗೆ ಎಂದು ಕೈತೊಳೆದುಕೊಂಡರೆ
ಮುಂದೆ ಎನ್ನುವುದು ಯಾವ ದಿಕ್ಕು?

ಮುಗಿದ ಮೇಲೆ ಕಾರಿಡಾರಿನಲ್ಲಿ ಎದುರಾದ.
"ತುಂಬ ಬೇಗ ಮಾತಾಡಿಬಿಟ್ಟೆನೆ?
ನಿಮ್ಮ ಕೈ ಎಷ್ಟು ಚಂದ ಮಾತಾಡುತ್ತದೆ!"
ಕುಲುಕಲು ಚಾಚಿದ ಅವನ ಹಸ್ತ ಬೆಚ್ಚಗಿತ್ತು, ಅದೇ ಕಷ್ಟ.
ಆಗಷ್ಟೇ ತೊಟ್ಟ ಉಂಗುರ ಅವನಿಗೆ ಒತ್ತಿರಬೇಕು,
"ನಿಮ್ಮ ಯಜಮಾನರು ಅದೃಷ್ಟವಂತರು" ಅಂದ.
"ಇವತ್ತು ಅವಳು ಹಾಗನ್ನಲಾರಳು" ಅಂದೆ,
ನನ್ನದೇ ಬಾಯಿಂದ.
ಏನೋ ಹೇಳಲು ಹೊರಟವನು ನನ್ನ ಕೈ ನೋಡಿದ.
ಅದು ಸುಮ್ಮನಿತ್ತು.
ಡ್ರೈವರ್ ಬಂದು ಕರೆದ; ಹೋದ.

ಮನೆಯಲ್ಲಿ ಜ್ದಿಸ್ಲಾವ ಆಲೂಗೆಡ್ಡೆ ಸುಲಿಯುತ್ತಿದ್ದಳು.
ಎರಡೂ ಕೈಗೆ ಕೆಲಸ, ಹಾಗಾಗಿ ಮಾತಿಲ್ಲ.
ನಾನು ಬಾಗಿಲಲ್ಲೇ ನಿಂತೆ, ಬೂಟಿನ ಹಿಮ ಕರಗಿ ಕೆರೆಯಾಯಿತು.
ಕೊನೆಗೆ ಚಾಕು ಇಟ್ಟು, ನನ್ನ ಕಪ್ಪಂಗಿಗೇ ಕೈ ಒರೆಸಿ ಕೇಳಿದಳು:
ಗೋಧಿಯವನು ಅಷ್ಟು ಹೊತ್ತು ಏನು ಹೇಳಿದ?

ನಗು ಬಂತು. ಆಮೇಲೆ ಬರಲಿಲ್ಲ.
ಹೇಳಲು ಹೋದೆ. ತೋರುಬೆರಳು ಎದೆಯ ತನಕ ಬಂದು
ಮುಂದಿನ ಸನ್ನೆ ಹುಡುಕುತ್ತ ಅಲ್ಲೇ ನಿಂತಿತು.
ಅವಳು ಅದನ್ನು ಹಿಡಿದುಕೊಂಡಳು,
ಹಿಟ್ಟು ಮೆತ್ತಿದ ಒದ್ದೆ ಕೈಯಲ್ಲಿ.